ದೊಡ್ಡ ದನಿಗಾಗಿ ಬಿಟ್ಟುಕೊಟ್ಟ ಸಣ್ಣ ದನಿ

ರೇಡಿಯೊ ಲೈಸೆನ್ಸ್ ಎಂದೊಡನೆ ಅರವತ್ತು ದಾಟಿದವರಿಗೆ ನೆನಪಾಗುವುದು ಅಂಚೆ ಕಚೇರಿ. ಮನೆಯಲ್ಲಿ ರೇಡಿಯೊ ಇಟ್ಟುಕೊಂಡವರು ಪುಟ್ಟ ಪುಸ್ತಕವೊಂದನ್ನು ಹಿಡಿದು ಅಲ್ಲಿಗೆ ಹೋಗಿ, ಶುಲ್ಕ ಕಟ್ಟಿ, ಮುದ್ರೆ ಒತ್ತಿಸಿಕೊಂಡು ಬರಬೇಕಿತ್ತು. ಆಕಾಶದಲ್ಲಿ ಹರಿದು ಬರುವ ದನಿಯನ್ನು ಕಿವಿಗೆ ಹಾಕಿಕೊಳ್ಳಲೂ ಸರ್ಕಾರದ ಅಪ್ಪಣೆ ಬೇಕಾಗಿದ್ದ ಕಾಲ ಅದು. 1980ರ ದಶಕದ ಮಧ್ಯದಲ್ಲಿ ಆ ಶುಲ್ಕ ರದ್ದಾಯಿತು. ಕೇಳುವವನ ಲೈಸೆನ್ಸ್ ಹೋಯಿತು.

ಆದರೆ ಮಾತನಾಡುವವನ ಲೈಸೆನ್ಸ್ ಹೋಗಲಿಲ್ಲ. ಬಾನುಲಿ ಕೇಂದ್ರವೊಂದನ್ನು ನಡೆಸಲು ಇಂದಿಗೂ ಸರ್ಕಾರದ ಪರವಾನಗಿ ಬೇಕು. ಬಹುತೇಕ ಎಲ್ಲ ದೇಶಗಳಲ್ಲೂ ಹೀಗೆಯೇ. ಈ ಪರವಾನಗಿಗಳಲ್ಲಿ ಸಣ್ಣದು, ದೊಡ್ಡದು ಎಂಬ ಭೇದವೂ ಉಂಟು. ಒಂದು ಊರಿಗಷ್ಟೇ ಕೇಳಿಸುವಂತೆ ಕೆಲವೇ ವ್ಯಾಟ್ ಶಕ್ತಿಯಲ್ಲಿ ಪ್ರಸಾರ ಮಾಡಲು ಒಂದು ಬಗೆಯ ಅನುಮತಿ. ನಾಲ್ಕಾರು ತಾಲ್ಲೂಕುಗಳಿಗೆ, ಜಿಲ್ಲೆಗಳಿಗೆ ಕೇಳಿಸುವ ಪೂರ್ಣ ಪ್ರಮಾಣದ ಕೇಂದ್ರಕ್ಕೆ ಇನ್ನೊಂದು ಬಗೆಯ ಅನುಮತಿ. ಸಣ್ಣದನ್ನು ನಡೆಸಿ ಪಳಗಿದವರು ದೊಡ್ಡದಕ್ಕೆ ಆಸೆಪಡುವುದು ಸಹಜ. ತೊಡಕು ಬರುವುದು ಅಲ್ಲಿಯೇ. ದೊಡ್ಡದು ಬೇಕೆಂದರೆ ಸಣ್ಣದನ್ನು ಬಿಟ್ಟುಕೊಡಬೇಕಾಗುತ್ತದೆ.

ಹಾಗೆ ಬಿಟ್ಟುಕೊಟ್ಟಾಗ ಊರಿಗೆ ದಕ್ಕುವುದೇನು, ಕೈಬಿಡುವುದೇನು? ಈ ಪ್ರಶ್ನೆಗೆ ಉತ್ತರ ಹುಡುಕಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಮೈಸೂರಿನ ಮನೆಯೊಂದರಲ್ಲಿ 1935ರಲ್ಲಿ ಶುರುವಾದ ಕಥೆಯೇ ಸಾಕು.

ಪ್ರಾಧ್ಯಾಪಕರ ಮನೆಯ ಕೇಂದ್ರ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಲಂಡನ್ನಿನಲ್ಲಿ ಓದಿ ಬಂದವರು. ಮನುಷ್ಯರ ಮನಸ್ಸನ್ನು ಅಳೆಯುವುದು ಅವರ ವೃತ್ತಿ, ಬಾನುಲಿ ಅವರ ಹುಚ್ಚು. 1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪ್ರಸಾರ ಆರಂಭಿಸಿದರು. ಟ್ರಾನ್ಸ್‌ಮಿಟರ್‌ನ ಶಕ್ತಿ 30 ವ್ಯಾಟ್. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಅಡುಗೆಮನೆಯ ಹಳೆಯ ಬಲ್ಬು ಉಣ್ಣುತ್ತಿದ್ದ ವಿದ್ಯುತ್ತಿಗಿಂತಲೂ ಕಡಿಮೆ.

ಆಗಿನ ಭಾರತದಲ್ಲಿ ಬಾನುಲಿಯ ಸ್ಥಿತಿ ಹೇಗಿತ್ತೆಂಬುದನ್ನು ನೆನಪಿಸಿಕೊಂಡರೆ ಈ ಸಾಹಸದ ಅಳತೆ ಸಿಗುತ್ತದೆ. 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತಗಳಲ್ಲಿ ಖಾಸಗಿ ಕಂಪನಿಯೊಂದು ತಲಾ ಒಂದೂವರೆ ಕಿಲೋವ್ಯಾಟ್‌ನ ಕೇಂದ್ರ ತೆರೆದಿತ್ತು. ಮೂರೇ ವರ್ಷದಲ್ಲಿ, 1930ರಲ್ಲಿ, ಅದು ದಿವಾಳಿ ಎದ್ದಿತು. ಸರ್ಕಾರ ಅದನ್ನು ವಹಿಸಿಕೊಂಡಿತು. 'ಆಲ್ ಇಂಡಿಯಾ ರೇಡಿಯೊ' ಎಂಬ ಹೆಸರು ಬಂದದ್ದು 1936ರ ಜೂನ್‌ನಲ್ಲಿ. ಅಂದರೆ ಬಂಡವಾಳವಿದ್ದ ಕಂಪನಿಯೇ ಸೋತು ಕೈಚೆಲ್ಲಿದ ಕೆಲಸಕ್ಕೆ, ದೇಶದ ಬಾನುಲಿಗೆ ಹೆಸರಿಡುವ ಮುನ್ನವೇ, ಮೈಸೂರಿನ ಒಬ್ಬ ಮೇಷ್ಟ್ರು ಮುಂಬಯಿಯ ಐವತ್ತನೆಯ ಒಂದು ಪಾಲು ಶಕ್ತಿಯ ಯಂತ್ರ ಹಿಡಿದು ಕೈಹಾಕಿದ್ದರು.

ಕೇಂದ್ರಕ್ಕೆ 'ಆಕಾಶವಾಣಿ' ಎಂದು ಹೆಸರಾಯಿತು. ಈ ಹೆಸರನ್ನು ಸೂಚಿಸಿದವರು ಗೋಪಾಲಸ್ವಾಮಿಯವರ ಒಡನಾಡಿ, ಕನ್ನಡದ ಹಾಸ್ಯ ಲೇಖಕ ನಾ. ಕಸ್ತೂರಿ ಎಂಬುದು ಮೈಸೂರಿನಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಮಾತು. 1950ರ ದಶಕದ ಉತ್ತರಾರ್ಧದಲ್ಲಿ ಇಡೀ ದೇಶದ ಸರ್ಕಾರಿ ಬಾನುಲಿ ಇದೇ ಹೆಸರನ್ನು ತನ್ನದಾಗಿಸಿಕೊಂಡಿತು.

ಕೇಂದ್ರ ನಡೆದದ್ದು ಗೋಪಾಲಸ್ವಾಮಿಯವರ ಸ್ವಂತ ಹಣ, ಮೈಸೂರು ಪುರಸಭೆಯ ನೆರವು ಮತ್ತು ಊರಿನ ಸಾಹಿತಿ, ಸಂಗೀತಗಾರರ ಔದಾರ್ಯದಿಂದ. ಮುಂದೆ 250 ವ್ಯಾಟ್‌ನ ಟ್ರಾನ್ಸ್‌ಮಿಟರ್ ಬಂತು. ಆದರೆ ಬಾನುಲಿ ಕೇಂದ್ರ ಒಂದು ದಿನದ ಉತ್ಸವವಲ್ಲ. ನಿತ್ಯ ಕಾರ್ಯಕ್ರಮ ಬೇಕು, ನಿತ್ಯ ಕಲಾವಿದರು ಬೇಕು, ಕೆಟ್ಟ ಯಂತ್ರ ಅಂದೇ ಸರಿಯಾಗಬೇಕು. ಒಬ್ಬ ಪ್ರಾಧ್ಯಾಪಕರ ಸಂಬಳ ಎಷ್ಟು ದಿನ ಈ ಭಾರ ಹೊರಬಲ್ಲದು? ಆರು ವರ್ಷ ಹೊತ್ತಿತು. 1942ರಲ್ಲಿ ಮೈಸೂರು ಸಂಸ್ಥಾನ ಕೇಂದ್ರವನ್ನು ವಹಿಸಿಕೊಂಡಿತು.

ಬಿಟ್ಟುಕೊಡುವಿಕೆಯ ಮೊದಲ ಮೆಟ್ಟಿಲು ಇದು. ಇಲ್ಲಿ ಊರು ಏನನ್ನೂ ಕಳೆದುಕೊಳ್ಳಲಿಲ್ಲ. ಮನೆಯ ಕೇಂದ್ರ ಸಂಸ್ಥಾನದ ಕೇಂದ್ರವಾಯಿತು. ಖರ್ಚಿಗೆ ಖಜಾನೆಯ ಬೆಂಬಲ ಸಿಕ್ಕಿತು, ದನಿ ಮೈಸೂರಿನದೇ ಆಗಿ ಉಳಿಯಿತು.

ಎರಡನೆಯ ಮೆಟ್ಟಿಲು 1950ರಲ್ಲಿ. ಸಂಸ್ಥಾನಗಳು ಒಕ್ಕೂಟದಲ್ಲಿ ಲೀನವಾದಂತೆ ಅವುಗಳ ಬಾನುಲಿ ಕೇಂದ್ರಗಳೂ ಆಲ್ ಇಂಡಿಯಾ ರೇಡಿಯೊದ ಪಾಲಾದವು. ಹೈದರಾಬಾದ್, ತಿರುವನಂತಪುರದ ಕೇಂದ್ರಗಳ ಹಾಗೆ ಮೈಸೂರೂ ಸೇರಿತು. ಈಗ ಕೇಂದ್ರದ ಭವಿಷ್ಯ ನಿರ್ಧರಿಸುವವರು ದೆಹಲಿಯವರು. ದೆಹಲಿಯ ಕಣ್ಣಿಗೆ ಕಂಡದ್ದು ಬೇರೆಯೇ ಲೆಕ್ಕ. ರಾಜ್ಯದ ರಾಜಧಾನಿ ಬೆಂಗಳೂರು. ದೊಡ್ಡ ಕೇಂದ್ರ ಇರಬೇಕಾದದ್ದು ಅಲ್ಲಿ. 1955ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರ ಆರಂಭವಾಯಿತು. ಮೈಸೂರಿನ ಕೇಂದ್ರವನ್ನು ಅಲ್ಲಿಗೆ ಸಾಗಿಸಲಾಯಿತು.

ರಾಜ್ಯಕ್ಕೆ ದೊಡ್ಡ ದನಿ ಬಂತು. ಆದರೆ ದೇಶಕ್ಕೆ 'ಆಕಾಶವಾಣಿ' ಎಂಬ ಹೆಸರು ಕೊಟ್ಟ ಊರು ಮೌನವಾಯಿತು. ಮೈಸೂರಿನಲ್ಲಿ ಮತ್ತೆ ಆಕಾಶವಾಣಿ ಕೇಂದ್ರ ತೆರೆದದ್ದು 1974ರಲ್ಲಿ. ಹತ್ತೊಂಬತ್ತು ವರ್ಷ ಆ ಊರಿನವರು ತಮ್ಮ ಊರಿನ ಹೆಸರನ್ನು ಬೇರೆ ಊರಿನ ಕೇಂದ್ರಗಳಿಂದಲೇ ಕೇಳಬೇಕಾಯಿತು. 1955ರಲ್ಲಿ ಹುಟ್ಟಿದ ಮೈಸೂರಿನ ಮಗು ತನ್ನ ಊರಿನ ಬಾನುಲಿಯನ್ನು ಮೊದಲು ಕೇಳಿದ್ದು ಮೀಸೆ ಬಂದ ಮೇಲೆ.

ವ್ಯಾಟ್, ಎತ್ತರ, ದೂರ

ದೊಡ್ಡ ಕೇಂದ್ರದ ಆಕರ್ಷಣೆ ಎಷ್ಟೆಂಬುದನ್ನು ತಿಳಿಯಲು ಸ್ವಲ್ಪ ವಿಜ್ಞಾನ ಬೇಕು. ಲೆಕ್ಕಕ್ಕೆ ಗದಗ ತಾಲ್ಲೂಕಿನ ಒಂದು ಹಳ್ಳಿಯನ್ನೇ ತೆಗೆದುಕೊಳ್ಳಬಹುದು. ಜೋಡಿ ಹೆಸರಿನ ಅಂತೂರ ಬೆಂತೂರ ಆಗಲಿ.

ಅಲ್ಲಿ ಊರವರೇ ಕೂಡಿ 100 ವ್ಯಾಟ್‌ನ ಒಂದು ಎಫ್‌ಎಂ ಟ್ರಾನ್ಸ್‌ಮಿಟರ್ ಇಟ್ಟು, 30 ಮೀಟರ್ ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿದರೆಂದು ಭಾವಿಸೋಣ. ಚೆನ್ನಾಗಿ ಕೇಳಿಸುವ ದೂರ ಸುಮಾರು ಐದೂವರೆ ಕಿಲೋಮೀಟರ್. ಅದರಾಚೆಗೂ ದನಿ ಹೋಗುತ್ತದೆ. ಆದರೆ ಗರಗರ ಸದ್ದು ಸೇರಿಕೊಳ್ಳುತ್ತದೆ. ಐದೂವರೆ ಕಿಲೋಮೀಟರ್ ತ್ರಿಜ್ಯದ ಒಳಗೆ ಬರುವ ನೆಲ ನೂರು ಚದರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಊರು, ಊರಿನ ಎರೆ ಹೊಲಗಳು, ಅಕ್ಕಪಕ್ಕದ ಕೆಲವು ಹಳ್ಳಿಗಳು. ಅಷ್ಟೆ.

ಈಗ 6,000 ವ್ಯಾಟ್‌ನ ಯಂತ್ರ, 100 ಮೀಟರ್ ಎತ್ತರದ ಗೋಪುರ ಎಂದುಕೊಳ್ಳೋಣ. ದೂರ ಸುಮಾರು 28 ಕಿಲೋಮೀಟರಿಗೆ ಏರುತ್ತದೆ. ನೆಲದ ಲೆಕ್ಕದಲ್ಲಿ ಇಪ್ಪತ್ತೈದು ಪಟ್ಟು. ಗಮನಿಸಬೇಕಾದ ಸಂಗತಿಯೆಂದರೆ, ಶಕ್ತಿಯನ್ನು ಅರವತ್ತು ಪಟ್ಟು ಹೆಚ್ಚಿಸಿ, ಕಂಬವನ್ನು ಮೂರು ಪಟ್ಟಿಗಿಂತ ಎತ್ತರಿಸಿದರೂ ದೂರ ಹೆಚ್ಚಿದ್ದು ಐದು ಪಟ್ಟು ಮಾತ್ರ. ದೀಪದ ಬೆಳಕಿನಂತೆಯೇ ಬಾನುಲಿಯ ಅಲೆಯೂ ದೂರ ಹೋದಷ್ಟೂ ಹರಡಿ ತೆಳುವಾಗುತ್ತದೆ. ಅಡೆತಡೆಯಿಲ್ಲದ ಬಯಲಿನಲ್ಲಿಯೂ ದೂರ ಇಮ್ಮಡಿಯಾಗಬೇಕಾದರೆ ಶಕ್ತಿ ನಾಲ್ಕು ಪಟ್ಟು ಬೇಕು.

ಎಫ್‌ಎಂ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಮುಂಡರಗಿ, ಶಿರಹಟ್ಟಿ ಕಡೆಗೆ ಹಬ್ಬಿರುವ ಕಪ್ಪತಗುಡ್ಡದಂಥ ಗುಡ್ಡಸಾಲು ಅಡ್ಡ ಬಂದರೆ ಅದರ ಹಿಂದಿನ ಊರುಗಳು ದನಿಯ ನೆರಳಿನಲ್ಲಿ ಉಳಿಯುತ್ತವೆ. ಆದ್ದರಿಂದಲೇ ಎಫ್‌ಎಂನಲ್ಲಿ ವ್ಯಾಟ್‌ಗಿಂತ ಎತ್ತರಕ್ಕೆ ಬೆಲೆ ಹೆಚ್ಚು. ಮಧ್ಯಮ ತರಂಗದ ಅಲೆಗಳು ಹಾಗಲ್ಲ. ನೆಲವನ್ನು ತಬ್ಬಿಕೊಂಡು ದೂರ ಸಾಗುತ್ತವೆ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರದ ದನಿ, ರಸ್ತೆಯ ಲೆಕ್ಕದಲ್ಲಿ ಎಪ್ಪತ್ತು ಕಿಲೋಮೀಟರಿಗೂ ದೂರದ ಗದಗಿನ ಹೊಲಗಳಲ್ಲಿ ಜೋಳ ಕಾಯುವವನ ಟ್ರಾನ್ಸಿಸ್ಟರಿಗೂ ಮುಟ್ಟುತ್ತಿದ್ದುದು ಈ ಮಧ್ಯಮ ತರಂಗದ ಗುಣದಿಂದ.

ಧಾರವಾಡ ಕೇಂದ್ರದ ಉದಾಹರಣೆ ದೊಡ್ಡ ಬಾನುಲಿಯ ಪರವಾದ ವಾದವೂ ಹೌದು. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು, ದ.ರಾ. ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿದ್ದರು. ಅಂಥವರನ್ನು ಕರೆತಂದು ಕೂರಿಸುವ ಶಕ್ತಿ ಒಂದು ಹಳ್ಳಿಯ ಕೇಂದ್ರಕ್ಕೆ ಎಲ್ಲಿಂದ ಬರಬೇಕು? ಉತ್ತರ ಕರ್ನಾಟಕದ ಸಂಗೀತ ಮನೆಮನೆಗೆ ಹೋದದ್ದರಲ್ಲಿ ಆ ಕೇಂದ್ರದ ಪಾಲು ದೊಡ್ಡದು.

ಅಮೆರಿಕದ ಕಟ್ಟಳೆ

ಮೈಸೂರಿನಲ್ಲಿ ಸಣ್ಣದನ್ನು ಬಿಟ್ಟುಕೊಟ್ಟದ್ದು ಹಣದ ಅಡಚಣೆ ಮತ್ತು ರಾಜಕೀಯದ ಬದಲಾವಣೆಗಳಿಂದ. ಆದರೆ 'ದೊಡ್ಡದು ಬೇಕಾದರೆ ಸಣ್ಣದನ್ನು ಬಿಡು' ಎಂಬುದು ಕಾನೂನಿನ ಪುಸ್ತಕದಲ್ಲಿಯೇ ಬರೆದಿರುವ ದೇಶವೂ ಒಂದಿದೆ. ಅದು ಅಮೆರಿಕ.

ಅಲ್ಲಿ 1996ರ ದೂರಸಂಪರ್ಕ ಕಾಯ್ದೆ, ಒಂದು ಕಂಪನಿ ದೇಶದಲ್ಲಿ ಎಷ್ಟು ರೇಡಿಯೊ ಕೇಂದ್ರಗಳನ್ನು ಹೊಂದಬಹುದು ಎಂಬ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ದೊಡ್ಡ ಕಂಪನಿಗಳು ನೂರಾರು ಕೇಂದ್ರಗಳನ್ನು ಕೊಂಡವು. ಎಲ್ಲೋ ಕುಳಿತು ತಯಾರಿಸಿದ ಕಾರ್ಯಕ್ರಮ ಹತ್ತಾರು ಊರುಗಳಲ್ಲಿ ಒಂದೇ ಸಮನೆ ಕೇಳಿಸತೊಡಗಿತು. ಊರಿನ ದನಿ ಊರಿನಲ್ಲಿಯೇ ಇಲ್ಲದಂತಾಯಿತು ಎಂಬ ಕೂಗೆದ್ದಾಗ, ಅಲ್ಲಿನ ಪ್ರಸಾರ ನಿಯಂತ್ರಕ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2000ದ ಜನವರಿಯಲ್ಲಿ 'ಕಡಿಮೆ ಶಕ್ತಿಯ ಎಫ್‌ಎಂ' ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ಗರಿಷ್ಠ 100 ವ್ಯಾಟ್. ಲಾಭದ ಉದ್ದೇಶವಿಲ್ಲದ ಸ್ಥಳೀಯ ಸಂಘ, ಶಾಲೆ, ಚರ್ಚುಗಳಿಗೆ ಮಾತ್ರ. ಜಾಹೀರಾತು ಹಾಕುವಂತಿಲ್ಲ.

ಇದರ ಜೊತೆಗೊಂದು ಬಿಗಿಯಾದ ಷರತ್ತಿತ್ತು. ಇಂಥ ಪರವಾನಗಿ ಪಡೆದ ಸಂಸ್ಥೆ ಬೇರಾವುದೇ ಪ್ರಸಾರ ಕೇಂದ್ರದ ಒಡೆತನ ಹೊಂದಿರಬಾರದು. ವಿದ್ಯಾರ್ಥಿಗಳೇ ನಡೆಸುವ ಕೇಂದ್ರಗಳಂಥ ಕೆಲವಕ್ಕೆ ವಿನಾಯಿತಿ ಉಂಟು. ಮೇಲ್ನೋಟಕ್ಕೆ ಇದು ಕಠಿಣವೆನಿಸಬಹುದು. ಆದರೆ ಅದರ ಹಿಂದಿನ ಅಂಜಿಕೆ ಅರ್ಥವಾಗುವಂಥದು. ದೊಡ್ಡವರು ಸಣ್ಣವರ ಪಂಕ್ತಿಯಲ್ಲೂ ಎಲೆ ಹಾಕಿಕೊಂಡು ಕುಳಿತರೆ ಸಣ್ಣವರಿಗೆ ಉಳಿಯುವುದೇನು?

ಇದೇ ಷರತ್ತು ಮುಂದೆ ಸಣ್ಣವರಿಗೇ ಎದುರಾಯಿತು. ಹತ್ತು ಹದಿನೈದು ವರ್ಷ ಚೆನ್ನಾಗಿ ನಡೆಸಿದ ಸಂಘವೊಂದು ಪೂರ್ಣ ಸೇವೆಯ ವಾಣಿಜ್ಯೇತರ ಕೇಂದ್ರಕ್ಕೆ ಅರ್ಜಿ ಹಾಕಬಯಸುತ್ತದೆ ಎನ್ನೋಣ. ಅಂಥ ಅರ್ಜಿಗಳನ್ನು ನಿತ್ಯ ಸ್ವೀಕರಿಸುವುದಿಲ್ಲ. ಕಮಿಷನ್ ಬಾಗಿಲು ತೆರೆದಾಗ ಮಾತ್ರ. 2007ರ ಅಕ್ಟೋಬರ್‌ನಲ್ಲಿ ತೆರೆದ ಬಾಗಿಲು ಮತ್ತೆ ಅಷ್ಟು ಅಗಲವಾಗಿ ತೆರೆದದ್ದು 2021ರ ನವೆಂಬರ್‌ನಲ್ಲಿ. ಸಣ್ಣ ಕೇಂದ್ರದವರು ಆಗ ಅರ್ಜಿ ಹಾಕಬಹುದಿತ್ತು. ಆದರೆ ಹೊಸ ಕೇಂದ್ರ ಸಿಕ್ಕರೆ, ಅದು ದನಿ ಎತ್ತುವ ಮುನ್ನ, ಹಳೆಯ ಸಣ್ಣ ಪರವಾನಗಿಯನ್ನು ಬಿಟ್ಟುಕೊಡುವುದಾಗಿ ವಾಗ್ದಾನ ಕೊಡಬೇಕಿತ್ತು.

ಇಷ್ಟು ಕಷ್ಟಪಟ್ಟು ದೊಡ್ಡದಕ್ಕೆ ಹೋಗುವುದೇಕೆ? ವ್ಯಾಟ್‌ಗಾಗಿ ಮಾತ್ರ ಅಲ್ಲ. ವಿಷಯದ ತಿರುಳು ಇಲ್ಲಿದೆ. ಅಮೆರಿಕದ ಕಾನೂನಿನಲ್ಲಿ ಪೂರ್ಣ ಸೇವೆಯ ಕೇಂದ್ರವೂ ಕೆಲವೊಮ್ಮೆ ನೂರೇ ವ್ಯಾಟ್‌ನದಾಗಿರಬಹುದು. ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಹಕ್ಕಿನದು. ಸಣ್ಣ ಕೇಂದ್ರ ಎರಡನೆಯ ದರ್ಜೆಯದು. ಅದು ದೊಡ್ಡ ಕೇಂದ್ರದ ಪ್ರಸಾರಕ್ಕೆ ಅಡ್ಡಿಮಾಡಬಾರದು. ದೊಡ್ಡದರಿಂದ ತನಗೆ ಅಡ್ಡಿಯಾದರೆ ಸಹಿಸಿಕೊಳ್ಳಬೇಕು. ಅದೇ ತರಂಗಾಂತರಕ್ಕೆ ದೊಡ್ಡ ಕೇಂದ್ರ ಬಂದರೆ ಜಾಗ ಖಾಲಿ ಮಾಡಬೇಕಾದೀತು. ಸಂತೆಯಲ್ಲಿ ಕಟ್ಟೆಯ ಮೇಲೆ ಅಂಗಡಿ ಇಟ್ಟವನಿಗೂ ನೆಲದ ಮೇಲೆ ಗೋಣಿತಟ್ಟು ಹಾಸಿ ಕಾಯಿಪಲ್ಯ ಹರವಿದವನಿಗೂ ಇರುವ ವ್ಯತ್ಯಾಸವಿದು. ಇಬ್ಬರದೂ ವ್ಯಾಪಾರವೇ. ಆದರೆ ಗಾಡಿ ಬಂದರೆ ಎದ್ದು ಸರಿಯಬೇಕಾದವನು ಒಬ್ಬನೇ.

ಇದಕ್ಕೆ ಇತಿಹಾಸವೂ ಇದೆ. 1948ರಲ್ಲಿ ಅದೇ ಕಮಿಷನ್ ಶಾಲಾ ಕಾಲೇಜುಗಳಿಗೆ 10 ವ್ಯಾಟ್‌ನ ಪುಟ್ಟ ಎಫ್‌ಎಂ ಕೇಂದ್ರಗಳಿಗೆ ಅನುಮತಿ ಕೊಟ್ಟಿತ್ತು. ಮೂವತ್ತು ವರ್ಷಗಳ ನಂತರ, 1978ರಲ್ಲಿ, ಇಷ್ಟು ಸಣ್ಣ ಕೇಂದ್ರಗಳು ಜಾಗ ವ್ಯರ್ಥ ಮಾಡುತ್ತಿವೆ ಎಂಬ ವಾದಕ್ಕೆ ಮಣಿದು, 'ಕನಿಷ್ಠ 100 ವ್ಯಾಟ್‌ಗೆ ಏರಿ, ಇಲ್ಲವೇ ರಕ್ಷಣೆ ಕಳೆದುಕೊಳ್ಳಿ' ಎಂಬ ತೀರ್ಮಾನಕ್ಕೆ ಬಂತು. ಹಣವಿದ್ದ ಕಾಲೇಜುಗಳು ಏರಿದವು. ಇಲ್ಲದವುಗಳಲ್ಲಿ ಹಲವು ಸದ್ದಡಗಿದವು.

ಬಿಟ್ಟ ಮೇಲೆ ಏನಾಗುತ್ತದೆ?

ಸಣ್ಣ ಪರವಾನಗಿಯನ್ನು ಬಿಡುವುದೆಂದರೆ ಮನೆ ಮಾರಿದ ಹಾಗಲ್ಲ. ತರಂಗಾಂತರ ಯಾರ ಸ್ವತ್ತೂ ಅಲ್ಲ. ಪರವಾನಗಿ ಬರಿಯ ಅನುಮತಿ. ಅಮೆರಿಕದಲ್ಲಿ ಬಿಡುವವರಿಗೆ ಎರಡು ದಾರಿ. ಮೊದಲನೆಯದು, ಅರ್ಹತೆಯುಳ್ಳ ಇನ್ನೊಂದು ಲಾಭರಹಿತ ಸಂಸ್ಥೆಗೆ ವರ್ಗಾಯಿಸುವುದು. ಆಗಲೂ ಪರವಾನಗಿಗೆ ಬೆಲೆ ಕಟ್ಟುವಂತಿಲ್ಲ. ಬಳಸಿ ಹಳತಾದ ಉಪಕರಣಗಳಿಗೆ ಉಳಿದಿರುವ ಬೆಲೆಯಷ್ಟೇ ಪಡೆಯಬಹುದು. ಎರಡನೆಯದು, ಪರವಾನಗಿಯನ್ನು ಕಮಿಷನ್‌ಗೆ ಹಿಂದಿರುಗಿಸುವುದು.

ಎರಡನೆಯ ದಾರಿ ಸುಲಭ. ಒಂದು ಪತ್ರ ಬರೆದರೆ ಮುಗಿಯಿತು. ಆದರೆ ಅಪಾಯವೂ ಅದರಲ್ಲಿಯೇ. ಸಣ್ಣ ಕೇಂದ್ರಗಳಿಗೆ ಅರ್ಜಿ ಕರೆದದ್ದು 2000-01ರಲ್ಲಿ ಒಮ್ಮೆ, 2013ರಲ್ಲಿ ಒಮ್ಮೆ, 2023ರ ಡಿಸೆಂಬರ್‌ನಲ್ಲಿ ಒಮ್ಮೆ. ಮಧ್ಯದಲ್ಲಿ ಹಿಂದಿರುಗಿಸಿದ ದನಿಯನ್ನು ಊರಿನ ಇನ್ನಾರಾದರೂ ಮತ್ತೆ ಪಡೆಯಬೇಕೆಂದರೆ ಹತ್ತು ವರ್ಷ ಕಾಯಬೇಕಾಗಬಹುದು. ಅಷ್ಟರಲ್ಲಿ ಆ ಜಾಗದಲ್ಲಿ ಬೇರೆ ಊರಿನ ದೊಡ್ಡ ಕೇಂದ್ರದ ಅಲೆ ಹರಡಿಕೊಂಡು, ಸಣ್ಣದಕ್ಕೆ ಎಡೆಯೇ ಇಲ್ಲದಂತಾಗಲೂಬಹುದು.

ದೊಡ್ಡದರ ಭಾರವೂ ಬೇರೆ. ಎತ್ತರದ ಗೋಪುರ, ದೊಡ್ಡ ಟ್ರಾನ್ಸ್‌ಮಿಟರ್, ಏರುವ ವಿದ್ಯುತ್ ಬಿಲ್ಲು, ಎಂಜಿನಿಯರರ ಸಂಬಳ, ಸಾರ್ವಜನಿಕರ ಪರಿಶೀಲನೆಗೆ ಇಡಬೇಕಾದ ಕಡತಗಳು. ಜಾಹೀರಾತು ನಿಷಿದ್ಧವಾದ್ದರಿಂದ ಇದೆಲ್ಲಕ್ಕೂ ಕೇಳುಗರ ದೇಣಿಗೆಯೇ ಗತಿ. ಕೇಳುಗರು ಇಪ್ಪತ್ತೈದು ಪಟ್ಟು ನೆಲದಲ್ಲಿ ಹರಡಿರುವಾಗ ದೇಣಿಗೆ ಹೆಚ್ಚೀತು, ನಿಜ. ಆದರೆ ಅಷ್ಟು ನೆಲದ ಜನರನ್ನು ಮೆಚ್ಚಿಸಬೇಕಾದ ಕೇಂದ್ರ, ತಾನು ಹುಟ್ಟಿದ ಓಣಿಯ ಸುದ್ದಿಗೆ ಎಷ್ಟು ಹೊತ್ತು ಕೊಟ್ಟೀತು?

ನಮ್ಮಲ್ಲಿ ಮೆಟ್ಟಿಲೇ ಇಲ್ಲ

ಭಾರತದಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿದೆ. 1885ರ ಟೆಲಿಗ್ರಾಫ್ ಕಾಯ್ದೆಯ ಬಲದಿಂದ ಬಾನುಲಿ ಬಹುಕಾಲ ಸರ್ಕಾರದ ಮುಷ್ಟಿಯಲ್ಲಿಯೇ ಇತ್ತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಕ್ರಿಕೆಟ್ ಪಂದ್ಯಗಳ ಪ್ರಸಾರದ ಹಕ್ಕಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ, ಬಾನಲೆಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪಿತ್ತಿತು. ಬೀಗ ಸಡಿಲವಾದದ್ದು ಅಲ್ಲಿಂದ.

ಆದರೂ ಹಳ್ಳಿಗೆ ದನಿ ತಲುಪಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಕೋಲಾರ ಜಿಲ್ಲೆಯ ಬೂದಿಕೋಟೆಯ ಕಥೆ ಈ ಕಾಯುವಿಕೆಗೆ ಸಾಕ್ಷಿ. 2001ರಲ್ಲಿ ಅಲ್ಲಿ ಯುನೆಸ್ಕೊ, ಬೆಂಗಳೂರಿನ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳ ನೆರವಿನಿಂದ 'ನಮ್ಮ ಧ್ವನಿ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಯ ಹೆಂಗಸರು, ಹುಡುಗರು ಕಾರ್ಯಕ್ರಮ ತಯಾರಿಸುವುದನ್ನು ಕಲಿತರು. ಸ್ಟುಡಿಯೊ ಇತ್ತು, ಮೈಕು ಇತ್ತು, ಮಾತಿತ್ತು. ಪರವಾನಗಿ ಇರಲಿಲ್ಲ. ಗಾಳಿಯಲ್ಲಿ ಬಿಡುವಂತಿಲ್ಲದ ದನಿಯನ್ನು 2003ರಲ್ಲಿ ಅವರು ಟೀವಿಯ ಕೇಬಲ್ ತಂತಿಯ ಮೂಲಕ ಮನೆಮನೆಗೆ ಹರಿಸಿದರು. ತಂತಿಯಿಲ್ಲದೆ ಸಾಗುವುದೇ ರೇಡಿಯೊದ ಹೆಚ್ಚುಗಾರಿಕೆ. ಆದರೆ ಬೂದಿಕೋಟೆಯ ರೇಡಿಯೊ ತಂತಿ ಹಿಡಿದು ನಡೆಯಬೇಕಾಯಿತು.

2002ರ ಕೊನೆಯಲ್ಲಿ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಸಣ್ಣ ಕೇಂದ್ರಗಳ ಬಾಗಿಲು ತೆರೆಯಿತು. 2006ರ ನವೆಂಬರ್‌ನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಅದನ್ನು ವಿಸ್ತರಿಸಿತು. ಹೊರಡುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್. ಕಂಬದ ಎತ್ತರ 30 ಮೀಟರ್ ಮೀರುವಂತಿಲ್ಲ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಭಾಗ ಸ್ಥಳೀಯವಾಗಿಯೇ ತಯಾರಾಗಬೇಕು. ಪರವಾನಗಿಯನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ. 2008ರಲ್ಲಿ ಆಂಧ್ರದ ಮೇದಕ್ ಜಿಲ್ಲೆಯ, ಈಗಿನ ತೆಲಂಗಾಣದ, ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳು ನಡೆಸುವ 'ಸಂಘಂ ರೇಡಿಯೊ' ಈ ನೀತಿಯಡಿ ದನಿ ಎತ್ತಿದಾಗ ದೇಶವೇ ತಿರುಗಿ ನೋಡಿತು. ಕರ್ನಾಟಕದಲ್ಲಿ, ಮೈಸೂರು ಜಿಲ್ಲೆಯ ಸರಗೂರಿನಲ್ಲಿ 'ಜನಧ್ವನಿ' ಹುಟ್ಟಿತು. ಕಾಡಂಚಿನ ಜನರ ಮಾತು, ಹಾಡು ಅಲ್ಲಿ ಕೇಳಿಸಿತು.

ಆದರೆ ಇಂಥ ಸಮುದಾಯ ಬಾನುಲಿಯೊಂದು ಚೆನ್ನಾಗಿ ನಡೆದು, ಜಿಲ್ಲೆಗೆಲ್ಲ ಕೇಳಿಸುವಷ್ಟು ಬೆಳೆಯಲು ಬಯಸಿದರೆ? ಅಮೆರಿಕದಲ್ಲಿರುವಂತೆ ಬಿಟ್ಟುಕೊಟ್ಟು ಮೇಲೇರುವ ಮೆಟ್ಟಿಲು ನಮ್ಮಲ್ಲಿಲ್ಲ. ಮೇಲೆ ಇರುವುದು ಎರಡೇ. ಒಂದು, 1997ರಿಂದ ಪ್ರಸಾರ ಭಾರತಿಯ ಆಡಳಿತದಲ್ಲಿರುವ ಆಕಾಶವಾಣಿ. ಇನ್ನೊಂದು, 2001ರಲ್ಲಿ ಬೆಂಗಳೂರಿನಿಂದಲೇ ಆರಂಭವಾದ, ಹರಾಜಿನಲ್ಲಿ ತರಂಗಾಂತರ ಪಡೆದು ಜಾಹೀರಾತಿನ ಮೇಲೆ ನಡೆಯುವ ಖಾಸಗಿ ಎಫ್‌ಎಂ. ಸರ್ಕಾರದ್ದಲ್ಲದ, ವ್ಯಾಪಾರದ್ದೂ ಅಲ್ಲದ ಪೂರ್ಣ ಪ್ರಮಾಣದ ಕೇಂದ್ರಕ್ಕೆ ನಮ್ಮ ನೀತಿಯಲ್ಲಿ ಮನೆಯೇ ಇಲ್ಲ. 100 ವ್ಯಾಟ್‌ನಲ್ಲಿ ಹುಟ್ಟಿದ್ದು 100 ವ್ಯಾಟ್‌ನಲ್ಲಿಯೇ ಇರಬೇಕು.

ಇದರಿಂದ ಒಂದು ಅನುಕೂಲವೂ ಆಗಿದೆಯೆಂದರೆ ಆಶ್ಚರ್ಯವಾಗಬಹುದು. ದೊಡ್ಡದಾಗುವ ದಾರಿಯಿಲ್ಲವಾದ್ದರಿಂದ, ಸಣ್ಣದು ದೊಡ್ಡದಕ್ಕೆ ಬಲಿಯಾಗುವ ಪ್ರಸಂಗವೂ ಕಡಿಮೆ. ಧಾರವಾಡವನ್ನೇ ನೋಡಿದರೆ ಇದು ತಿಳಿಯುತ್ತದೆ. ಅಲ್ಲಿ ಆಕಾಶವಾಣಿಯ ದೊಡ್ಡ ಕೇಂದ್ರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದಿದ್ದ ಊರಿನಲ್ಲಿಯೇ 2007ರಲ್ಲಿ ಕೃಷಿ ವಿಶ್ವವಿದ್ಯಾಲಯ ತನ್ನ 'ಕೃಷಿ ಸಮುದಾಯ ಬಾನುಲಿ'ಯನ್ನು ಆರಂಭಿಸಿತು. ದೊಡ್ಡದು ಹಲವು ಜಿಲ್ಲೆಗಳ ಮಾತಾಡಿದರೆ, ಸಣ್ಣದು ಅಕ್ಕಪಕ್ಕದ ಹಳ್ಳಿಯ ರೈತನ ಹೊಲದ ಮಾತಾಡುತ್ತದೆ. ಒಡೆಯರು ಬೇರೆ ಬೇರೆಯಾದ್ದರಿಂದ ಒಂದು ಇನ್ನೊಂದಕ್ಕೆ ಜಾಗ ಬಿಡಬೇಕಾಗಿ ಬರಲಿಲ್ಲ.

ಮೈಸೂರಿಗೆ ಸಿಗದೆ ಹೋದದ್ದು ಇದೇ. 1955ರಲ್ಲಿ ಬೆಂಗಳೂರಿಗೆ ದೊಡ್ಡ ಕೇಂದ್ರ ಬೇಕಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕಾಗಿ ಮೈಸೂರಿನ ಸಣ್ಣ ಕೇಂದ್ರ ಮುಚ್ಚಲೇಬೇಕಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಅಂದು ಎರಡೂ ಒಂದೇ ಇಲಾಖೆಯ ಸೊತ್ತು. ಒಂದೇ ಮನೆಯ ಎರಡು ದೀಪಗಳಲ್ಲಿ ಎಣ್ಣೆ ಉಳಿಸಲು ಸಣ್ಣದನ್ನು ಆರಿಸಿದಂತೆ ಆಯಿತು. ಆ ಕೇಂದ್ರವನ್ನು ಊರಿನ ಪುರಸಭೆಗೋ, ವಿಶ್ವವಿದ್ಯಾಲಯಕ್ಕೋ ವಹಿಸುವ ಕಾನೂನು ಅಂದು ಇದ್ದಿದ್ದರೆ, ದೇಶದ ಮೊದಲ ಸಮುದಾಯ ಬಾನುಲಿ ಮೈಸೂರಿನಲ್ಲಿ ಅರ್ಧ ಶತಮಾನ ಮೊದಲೇ ನೆಲೆಯೂರಿರುತ್ತಿತ್ತು.

ಎರಡೂ ಬೇಕು

ಒಂದು ಹಳ್ಳಿಯ ದೃಷ್ಟಿಯಿಂದ ನೋಡಿದರೆ ಈ ವಾದವೆಲ್ಲ ಸರಳವಾಗುತ್ತದೆ. ಅಂತೂರ ಬೆಂತೂರದ ರೈತನಿಗೆ ನಾಳೆ ಮಳೆ ಬಂದೀತೇ, ಗದಗಿನ ಪೇಟೆಯಲ್ಲಿ ಒಣಮೆಣಸಿನಕಾಯಿಗೆ ಏನು ಧಾರಣೆ, ಬೆಂಗಳೂರಿನಲ್ಲಿ ಸರ್ಕಾರ ಏನು ತೀರ್ಮಾನಿಸಿತು ಎಂಬುದು ತಿಳಿಯಬೇಕು. ಅದನ್ನು ದೊಡ್ಡ ಕೇಂದ್ರ ಹೇಳುತ್ತದೆ. ಊರಿನ ಕೊಳವೆಬಾವಿ ಯಾವಾಗ ದುರಸ್ತಿಯಾದೀತು, ಅಂಗನವಾಡಿಗೆ ಲಸಿಕೆ ಹಾಕುವವರು ಯಾವ ದಿನ ಬರುತ್ತಾರೆ, ಜಾತ್ರೆಯ ಬಯಲಾಟಕ್ಕೆ ಈ ಸಲ ಯಾರು ವೇಷ ಕಟ್ಟುತ್ತಾರೆ ಎಂಬುದೂ ತಿಳಿಯಬೇಕು. ಅದನ್ನು ಹೇಳಲು ಯಾವ ದೊಡ್ಡ ಕೇಂದ್ರಕ್ಕೂ ಪುರಸೊತ್ತಿಲ್ಲ. ಇರಬೇಕೆಂದು ಬಯಸುವುದೂ ತಪ್ಪು.

ಆದ್ದರಿಂದ ಸಣ್ಣ ಪರವಾನಗಿಯನ್ನು ಬಿಟ್ಟು ದೊಡ್ಡದನ್ನು ಹಿಡಿಯುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ತಾವು ಬಿಡುವ ಜಾಗದಲ್ಲಿ ಯಾರು ಕೂರುತ್ತಾರೆ ಎಂಬುದು. ಅಮೆರಿಕದ ಕಾನೂನು ವರ್ಗಾವಣೆಯ ದಾರಿಯನ್ನಾದರೂ ತೆರೆದಿಟ್ಟಿದೆ. ನಮ್ಮ ನೀತಿ ಮೇಲೇರುವ ದಾರಿಯನ್ನೂ ತೆರೆದಿಲ್ಲ, ಇನ್ನೊಬ್ಬರಿಗೆ ಒಪ್ಪಿಸುವ ದಾರಿಯನ್ನೂ ತೆರೆದಿಲ್ಲ. ನಡೆಸುವ ಸಂಸ್ಥೆ ಸೋತರೆ ಕೇಂದ್ರವೂ ಮುಚ್ಚುತ್ತದೆ. ಊರಿನ ಬೇರೆಯವರು ಮತ್ತೆ ಮೊದಲಿನಿಂದ ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ.

ಮೈಸೂರಿನ ಯಾದವಗಿರಿಯಲ್ಲಿ 'ವಿಠ್ಠಲ ವಿಹಾರ'ಕ್ಕೆ ಸಮೀಪದಲ್ಲಿಯೇ ಈಗಿನ ಆಕಾಶವಾಣಿ ಕೇಂದ್ರವಿದೆ. ಎರಡರ ನಡುವಿನ ದಾರಿ ಕೆಲವೇ ನಿಮಿಷಗಳ ನಡಿಗೆ. ಆ ಮನೆಯಿಂದ ಹೊರಟ ದನಿ ಸಂಸ್ಥಾನದ ಕೈಸೇರಿ, ದೆಹಲಿಯ ಅಧೀನವಾಗಿ, ಬೆಂಗಳೂರಿಗೆ ಹೋಗಿ, ಮತ್ತೆ ತನ್ನ ಓಣಿಗೆ ಬಂದು ಸೇರಲು ಸುಮಾರು ನಾಲ್ಕು ದಶಕ ಹಿಡಿಯಿತು.